ಗಡಿಯೂರಿಗೆ ಡ್ರೋನ್ ಆರೋಗ್ಯ ಸೇವೆ: ಸಾಂಕ್ರಾಮಿಕ ಬರುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಕರ್ನಾಟಕ ಗಡಿಯ ಬಳಿಯ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಪೈವಳಿಕೆ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಇನ್ನೊಮ್ಮೆ ಕೊರೊನಾದಂಥ ಕಾಯಿಲೆ ಬಂದು ಗಡಿ ಮುಚ್ಚಿದರೆ ಡ್ರೋನಿನಲ್ಲಿ ಔಷಧಿ ತರಿಸಬಹುದಾ? ನಮ್ಮ ಪಂಚಾಯತು ಒಂದು ಡ್ರೋನ್ ತೆಗೆದುಕೊಂಡರೆ ಸಾಕಾ?"

ಔಷಧಿ ತರಿಸಬಹುದು. ಆದರೆ ಒಂದು ಡ್ರೋನ್ ತೆಗೆದುಕೊಂಡ ಮಾತ್ರಕ್ಕೆ ಏನೂ ಆಗುವುದಿಲ್ಲ. ಖರೀದಿ ಈ ಕೆಲಸದಲ್ಲಿ ತುಂಬಾ ತಡವಾಗಿ ಬರುವ ಹಂತ. ಅದಕ್ಕೂ ಮೊದಲು ಅನುಮತಿ ಬೇಕು, ಇಳಿಯಲು ಜಾಗ ಬೇಕು, ಪೆಟ್ಟಿಗೆ ತೆರೆದು ಸಹಿ ಹಾಕುವ ನರ್ಸ್ ಬೇಕು, ಗಡಿಯ ಎರಡೂ ಕಡೆಯ ಆಸ್ಪತ್ರೆಗಳ ನಡುವೆ ಒಪ್ಪಂದ ಬೇಕು. ಕಾಯಿಲೆ ಹಬ್ಬಿದ ಮೇಲೆ ಇವುಗಳಲ್ಲಿ ಯಾವುದಕ್ಕೂ ಯಾರಿಗೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಮಾಡುವುದಿದ್ದರೆ ಈಗಲೇ, ಏನೂ ತೊಂದರೆ ಇಲ್ಲದ ಹೊತ್ತಿನಲ್ಲೇ ಮಾಡಬೇಕು.

ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ ಗತಿ. 2020ರ ಮಾರ್ಚ್ ಕೊನೆಗೆ ಮಂಗಳೂರಿನ ದಾರಿಯ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ಮಂಗಳೂರು ತಲುಪಲಾಗದೆ ರೋಗಿಗಳು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಡ್ರೋನ್ ಇದ್ದಿದ್ದರೆ ಅವರೆಲ್ಲ ಉಳಿಯುತ್ತಿದ್ದರು ಎಂದು ಹೇಳುವಂತಿಲ್ಲ, ಯಾಕೆಂದರೆ ಈ ಡ್ರೋನುಗಳು ರೋಗಿಯನ್ನು ಹೊತ್ತೊಯ್ಯುವುದಿಲ್ಲ. ಆಂಬುಲೆನ್ಸಿಗೆ ದಾರಿ ಬಿಡಲೇಬೇಕು. ಆದರೆ ಮಂಗಳೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆಗಾಗಿ, ಪರೀಕ್ಷೆಯ ಸ್ಯಾಂಪಲ್ ತಲುಪಿಸುವುದಕ್ಕಾಗಿ, ಒಂದು ಬಾಟಲಿ ರಕ್ತಕ್ಕಾಗಿ ಪಡುವ ಪರದಾಟ ಕಡಿಮೆಯಾಗುತ್ತದೆ. ಅಷ್ಟಾದರೂ ಆಗಲಿ ಎಂಬುದೇ ಈ ಬರಹದ ಆಸೆ.

ಡ್ರೋನ್ ಜಾಲ ಅಂದರೆ ಏನು?

ಒಂದು ದೊಡ್ಡ ಆಸ್ಪತ್ರೆ ಅಥವಾ ಔಷಧ ಉಗ್ರಾಣ ಮೂಲ ಕೇಂದ್ರವಾಗಿರುತ್ತದೆ. ಸುತ್ತಲಿನ ಸಣ್ಣ ಆರೋಗ್ಯ ಕೇಂದ್ರಗಳು ಡ್ರೋನ್ ಇಳಿಯುವ ತಾಣಗಳು. ಇವುಗಳ ನಡುವೆ ಮೊದಲೇ ಗೊತ್ತುಮಾಡಿದ ಆಕಾಶದ ದಾರಿಗಳು, ಹಾರಾಟವನ್ನೆಲ್ಲ ಒಂದೇ ಕಡೆ ಕೂತು ನೋಡುವ ನಿಯಂತ್ರಣ ಕೊಠಡಿ, ತರಬೇತಾದ ಪೈಲಟುಗಳು. ಇಷ್ಟೂ ಸೇರಿದರೆ ಜಾಲ.

ಇದು ಬರೀ ಕನಸಿನ ಮಾತಲ್ಲ. ಆಫ್ರಿಕಾದ ರುವಾಂಡಾದಲ್ಲಿ 2016ರಿಂದ ಗುಡ್ಡಗಾಡಿನ ಆಸ್ಪತ್ರೆಗಳಿಗೆ ಡ್ರೋನಿನಲ್ಲೇ ರಕ್ತ ಹೋಗುತ್ತಿದೆ. ಘಾನಾ ದೇಶದಲ್ಲಿ 2020ರಲ್ಲಿ ಕೋವಿಡ್ ಸ್ಯಾಂಪಲ್‌ಗಳನ್ನೂ ಹೀಗೆ ಸಾಗಿಸಿದರು. ನಮ್ಮ ದೇಶದಲ್ಲಿ 2021ರ ಅಕ್ಟೋಬರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮಣಿಪುರದ ಬಿಷ್ಣುಪುರದಿಂದ ಲೋಕ್‌ತಕ್ ಸರೋವರದ ಕರಾಂಗ್ ದ್ವೀಪಕ್ಕೆ ಲಸಿಕೆ ಕಳಿಸಿತು. ರಸ್ತೆಯಲ್ಲಿ 26 ಕಿಲೋಮೀಟರ್ ದೂರ, ಆಕಾಶದಲ್ಲಿ 15. ಹದಿನೈದು ನಿಮಿಷದೊಳಗೆ ಲಸಿಕೆ ತಲುಪಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಡ್ರೋನ್ ಆನೇಕಲ್ ತಾಲೂಕಿನ ಚಂದಾಪುರದಿಂದ ಹಾರಗದ್ದೆ ಆರೋಗ್ಯ ಕೇಂದ್ರಕ್ಕೆ 50 ವಯಲ್ (ಸಣ್ಣ ಸೀಸೆ) ಲಸಿಕೆ ಕೊಂಡೊಯ್ದಿತು. ನಮಗೆ ಇನ್ನೂ ಹತ್ತಿರದ್ದು ಬೇಕೆಂದರೆ ಕಾರ್ಕಳ ಇದೆ. ಅಲ್ಲಿ ಆಪರೇಷನ್ ನಡೆಯುತ್ತಿರುವಾಗಲೇ ರೋಗಿಯ ಅಂಗಾಂಶದ ತುಣುಕನ್ನು ಡ್ರೋನಿನಲ್ಲಿ ಮಣಿಪಾಲಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಪ್ರಯೋಗ ನಡೆದಿದೆ. ಅದೇ ಕರಾವಳಿ, ಅದೇ ಗಾಳಿ, ಅದೇ ತೆಂಗು-ಅಡಿಕೆ ತೋಟಗಳು. ಅಲ್ಲಿ ಆಗುವುದಾದರೆ ಇಲ್ಲಿ ಯಾಕಾಗಬಾರದು, ಅಲ್ವಾ?

ಈಗ ಹಂತ ಹಂತವಾಗಿ ನೋಡೋಣ.

1. ಏನು ಸಾಗಿಸಬೇಕು ಎಂದು ಮೊದಲು ಬರೆದಿಡಿ

ನಿಮ್ಮ ಊರಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರ ಜೊತೆ, ಫಾರ್ಮಸಿಸ್ಟರ ಜೊತೆ ಕೂತು ಪಟ್ಟಿ ಮಾಡಿ. ರಸ್ತೆ ಬಂದ್ ಆದರೆ ಮೊದಲ ಮೂರು ದಿನದಲ್ಲಿ ಯಾವುದು ಮುಗಿಯುತ್ತದೆ? ಇನ್ಸುಲಿನ್? ಅಪಸ್ಮಾರದ ಮಾತ್ರೆ? ಕಿಡ್ನಿ ಕಸಿ ಮಾಡಿಸಿಕೊಂಡವರ ಔಷಧಿ? ಒಂದೊಂದರ ಮುಂದೆಯೂ ತೂಕ, ಬೇಕಾದ ತಂಪು, ಎಷ್ಟು ಬೇಗ ಬೇಕು ಎಂಬುದನ್ನು ಬರೆಯಿರಿ.

ಡ್ರೋನಿಗೆ ಹೊಂದುವುದು ಹಗುರವಾದ, ತುರ್ತಾದ, ಬೆಲೆಬಾಳುವ ಸಾಮಾನು. ಲಸಿಕೆ, ಸ್ಯಾಂಪಲ್, ರಕ್ತ, ಹಾವಿನ ವಿಷಕ್ಕೆ ಕೊಡುವ ಮದ್ದು ಇವೆಲ್ಲ ಸರಿ. ಆಕ್ಸಿಜನ್ ಸಿಲಿಂಡರ್, ಗ್ಲೂಕೋಸ್ ಬಾಟಲಿಯ ಪೆಟ್ಟಿಗೆಗಳು, ಅಕ್ಕಿ-ಬೇಳೆ ಕಿಟ್ ಇವು ಜೀಪಿನಲ್ಲಿ ಹೋಗಲಿ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಮಾರ್ಫಿನ್‌ನಂಥ ನೋವಿನ ಔಷಧಿಗಳಿಗೆ ಬೇರೆಯೇ ಕಾನೂನು ಇದೆ. ಉಪಶಾಮಕ ಚಿಕಿತ್ಸೆಯ ರೋಗಿಗಳಿಗೆ ಅದು ಬೇಕೇ ಬೇಕು, ನಿಜ. ಹಾಗೆಂದು ಸುಮ್ನೆ ಪೆಟ್ಟಿಗೆಗೆ ಹಾಕಿ ಹಾರಿಸುವಂತಿಲ್ಲ. ರಕ್ತವೂ ಅಷ್ಟೇ, ಲೈಸೆನ್ಸ್ ಇರುವ ರಕ್ತ ಕೇಂದ್ರದ ಮೂಲಕವೇ ಬರಬೇಕು. ಇನ್ನು ನಿಪಾ ಶಂಕೆಯಂಥ ಅಪಾಯಕಾರಿ ಸ್ಯಾಂಪಲ್‌ಗಳನ್ನು ಆರೋಗ್ಯ ಇಲಾಖೆ ಬಾಯಿಬಿಟ್ಟು ಹೇಳದೆ ಮುಟ್ಟಲೇಬೇಡಿ. 2018ರಿಂದ ಕೇರಳ ಆ ಕಾಯಿಲೆಯನ್ನು ಮತ್ತೆ ಮತ್ತೆ ಕಂಡಿದೆ. ಅದರ ಸ್ಯಾಂಪಲ್ ಸಾಗಿಸಲು ಇಲಾಖೆಗೆ ತನ್ನದೇ ಕ್ರಮ ಇದೆ.

2. ಹೊಣೆ ಹೊರುವ ಸರಕಾರಿ ಕಚೇರಿಯನ್ನು ಹಿಡಿಯಿರಿ

ಸಂಘ-ಸಂಸ್ಥೆಗಳು ಹಣ ಕೂಡಿಸಬಹುದು, ಜಾಗ ಕೊಡಬಹುದು, ಸ್ವಯಂಸೇವಕರನ್ನು ಕಳಿಸಬಹುದು. ಹಾರಾಟದ ಹೊಣೆ ಮಾತ್ರ ಸರಕಾರದ್ದೇ ಇರಲಿ. 2020ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಕೋವಿಡ್ ಕೆಲಸದ ಡ್ರೋನುಗಳಿಗೆ ಬೇಗ ಅನುಮತಿ ಕೊಡಲು 'ಗರುಡ್' ಎಂಬ ಜಾಲತಾಣ ತೆರೆಯಿತು. ಆ ರಿಯಾಯಿತಿ ಸರಕಾರಿ ಸಂಸ್ಥೆಗಳಿಗೆ ಕೊಟ್ಟದ್ದು. ಮುಂದೆಯೂ ತುರ್ತು ಹೊತ್ತಿನಲ್ಲಿ ಹಾಗೇ ಆಗುವ ಸಾಧ್ಯತೆ ಜಾಸ್ತಿ.

ನಮ್ಮ ಜಿಲ್ಲೆಯಲ್ಲಿ ನೀವು ಹೋಗಬೇಕಾದ್ದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಕಲೆಕ್ಟರೇ ಅದರ ಅಧ್ಯಕ್ಷರು. ಜೊತೆಗೆ ಜಿಲ್ಲಾ ವೈದ್ಯಾಧಿಕಾರಿ, ಅಂದರೆ ಡಿ.ಎಂ.ಒ. ಪಂಚಾಯತಿನ ನಿರ್ಣಯದ ಪ್ರತಿ ಇಟ್ಟುಕೊಂಡೇ ಹೋಗಿ. ಬಾಯಿಮಾತಿಗೆ ಕಡತ ತೆರೆಯುವುದಿಲ್ಲ. ಕನ್ನಡದಲ್ಲಿ ಅರ್ಜಿ ಕೊಡಿ, ಅದು ನಿಮ್ಮ ಹಕ್ಕು. ಆದರೆ ಮಲಯಾಳದ ಪ್ರತಿಯನ್ನೂ ಜೊತೆಗಿಡಿ. ತಿರುವನಂತಪುರದವರೆಗೆ ಹೋಗುವ ಕಡತ ಭಾಷೆಯ ಕಾರಣಕ್ಕೆ ಒಂದು ಮೇಜಿನ ಮೇಲೆ ಕೂತುಬಿಟ್ಟರೆ ನಷ್ಟ ನಮಗೇ.

ಮಂಗಳೂರಿನ ಆಸ್ಪತ್ರೆಯ ಜೊತೆ ಕೆಲಸ ಮಾಡಬೇಕಾದರೆ ಆಚೆ ಬದಿಯೂ ಇಷ್ಟೇ ಕೆಲಸ ಇದೆ. ದಕ್ಷಿಣ ಕನ್ನಡ ಜಿಲ್ಲಾಧಿಕಾರಿ ಮತ್ತು ಅಲ್ಲಿನ ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕಾಣಬೇಕು. ಕೇರಳದಲ್ಲಿ ಡಿ.ಎಂ.ಒ. ಅನ್ನುವ ಹುದ್ದೆಗೆ ಅಲ್ಲಿ ಡಿ.ಎಚ್.ಒ. ಅನ್ನುತ್ತಾರೆ, ಪತ್ರ ಬರೆಯುವಾಗ ಗಮನಿಸಿ. ಆಕಾಶ ಕೇಂದ್ರ ಸರಕಾರದ ಸುಪರ್ದಿಯಲ್ಲಿದೆ. ರಾಜ್ಯದ ಗಡಿ ಅನ್ನುವುದು ವಿಮಾನಯಾನ ನಿಯಮದಲ್ಲಿ ಅಡ್ಡಗೋಡೆ ಏನಲ್ಲ. ಆದರೆ ಕೆಳಗೆ ನೆಲದ ಮೇಲೆ ಪೆಟ್ಟಿಗೆ ಕೊಡುವವರು, ತೆಗೆದುಕೊಳ್ಳುವವರು ಎರಡು ರಾಜ್ಯದ ನೌಕರರು. ಅವರ ನಡುವೆ ಲಿಖಿತ ಒಪ್ಪಂದ ಇಲ್ಲದಿದ್ದರೆ ಪೆಟ್ಟಿಗೆ ಬಂದರೂ ಯಾರೂ ಮುಟ್ಟುವುದಿಲ್ಲ.

ನನ್ನ ಸಲಹೆ ಕೇಳಿದರೆ, ಶುರುವಿನಲ್ಲಿ ಡ್ರೋನನ್ನು ಗಡಿ ದಾಟಿಸಲು ಹೋಗಬೇಡಿ. ಮಂಗಳೂರಿನಿಂದ ತಲಪಾಡಿಗೆ ವಾಹನದಲ್ಲಿ ಸಾಮಾನು ಬರಲಿ. ಗಡಿಯಲ್ಲಿ ಕೈಬದಲಾಗಲಿ. ಅಲ್ಲಿಂದ ಈಚೆ ನಮ್ಮ ಡ್ರೋನ್ ಎತ್ತಿಕೊಳ್ಳಲಿ. ಒಂದೇ ರಾಜ್ಯದೊಳಗಿನ ಹಾರಾಟಕ್ಕೆ ಒಪ್ಪಿಗೆ ಸಿಗುವುದು ಎಷ್ಟೋ ಸುಲಭ. ಆರು ತಿಂಗಳು ಚೆನ್ನಾಗಿ ನಡೆದರೆ ಮುಂದಿನ ಮಾತು ತಾನಾಗಿ ಬರುತ್ತದೆ.

3. ಆಕಾಶದ ನಕ್ಷೆ ಓದಲು ಕಲಿಯಿರಿ

ಈಗ ಜಾರಿಯಲ್ಲಿರುವುದು 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು, ಆಮೇಲಿನ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ. ಅದರಂತೆ ದೇಶದ ಆಕಾಶಕ್ಕೆ ಮೂರು ಬಣ್ಣ. ಹಸಿರು ವಲಯದಲ್ಲಿ ನೆಲದಿಂದ 400 ಅಡಿಯವರೆಗೆ, ಅಂದರೆ 120 ಮೀಟರ್ ಎತ್ತರದವರೆಗೆ, ಹಾರಾಟಕ್ಕೆ ಪ್ರತ್ಯೇಕ ಅನುಮತಿ ಬೇಡ. ಹಳದಿ ವಲಯಕ್ಕೆ ವಿಮಾನ ಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು. ಕೆಂಪು ವಲಯಕ್ಕೆ ಕೇಂದ್ರ ಸರಕಾರವೇ ಹೂಂ ಅನ್ನಬೇಕು. ವಿಮಾನ ನಿಲ್ದಾಣದ ಎಲ್ಲೆಯಿಂದ 5ರಿಂದ 8 ಕಿಲೋಮೀಟರಿನೊಳಗೆ ನೆಲದಿಂದಲೇ ಹಳದಿ. 8ರಿಂದ 12 ಕಿಲೋಮೀಟರಿನ ನಡುವೆ ಬರೀ 200 ಅಡಿಯವರೆಗೆ ಹಸಿರು. ಮಂಗಳೂರಿನ ವಿಮಾನ ನಿಲ್ದಾಣ ಬಜ್ಪೆಯಲ್ಲಿದೆ. ಹಾಗಾಗಿ ಮಂಜೇಶ್ವರ ತಾಲೂಕಿನ ಒಳಗೆ ಹಾರುವವರಿಗೆ ಅದರ ತೊಂದರೆ ಕಡಿಮೆ, ಮಂಗಳೂರು ನಗರ ದಾಟಿ ಮುಂದೆ ಹೋದಂತೆ ಜಾಸ್ತಿ. ಜಿಲ್ಲೆಯ ದಕ್ಷಿಣ ತುದಿಯವರು ಏಳಿಮಲೆಯ ನೌಕಾ ಅಕಾಡೆಮಿಯ ಸುತ್ತಲಿನ ನಿರ್ಬಂಧವನ್ನು ಮರೆಯಬಾರದು.

ಡಿಜಿಟಲ್ ಸ್ಕೈ ಎಂಬ ಸರಕಾರಿ ನಕ್ಷೆಯಲ್ಲಿ ಈ ಬಣ್ಣಗಳನ್ನು ನೋಡಬಹುದು. ಒಮ್ಮೆ ನೋಡಿ ಬಿಟ್ಟರೆ ಆಗದು, ಪ್ರತಿ ಹಾರಾಟದ ಮೊದಲು ನೋಡಬೇಕು. ಯಾಕೆಂದರೆ ಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ಪೊಲೀಸ್ ಅಧಿಕಾರಿ ಒಂದು ಪ್ರದೇಶವನ್ನು ಒಂದು ಸಲಕ್ಕೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ಸಾಂಕ್ರಾಮಿಕದ ಹೊತ್ತಿನಲ್ಲಿ ಸೋಂಕು ಹಬ್ಬದಂತೆ ಮುಚ್ಚಿದ ಕಂಟೈನ್‌ಮೆಂಟ್ ಪ್ರದೇಶಕ್ಕೆ ಹೀಗೆ ಮಾಡಿದರೆ ನಿಮ್ಮ ಔಷಧಿ ಡ್ರೋನಿಗೂ ದಾರಿ ಮುಚ್ಚುತ್ತದೆ. ಔಷಧಿ ಅತ್ಯಗತ್ಯವಾಗಿ ಬೇಕಾದ ಜಾಗವೇ ಅದು. ಆದ್ದರಿಂದ ಆರೋಗ್ಯದ ಹಾರಾಟಕ್ಕೆ ರಿಯಾಯಿತಿ ಹೇಗೆ ಎಂಬುದನ್ನು ಪೊಲೀಸರ ಜೊತೆ ಮೊದಲೇ ಮಾತಾಡಿ ಬರೆಸಿಟ್ಟುಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಪೈಲಟ್ ತನ್ನ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಡ್ರೋನ್ ಹಾರಿಸುವುದು ಮಾಮೂಲು ಕ್ರಮ. ಅರ್ಧ ಕಿಲೋಮೀಟರ್ ದಾಟಿದರೆ ಅದು ಬರೀ ಒಂದು ಚುಕ್ಕೆ. ಉಪ್ಪಳದಿಂದ ಬಾಯಾರಿಗೆ ಔಷಧಿ ಕಳಿಸುವುದು ಅಂದರೆ ಕಣ್ಣಳತೆಯಾಚೆಯ ಹಾರಾಟ. ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಪ್ರತ್ಯೇಕ ಒಪ್ಪಿಗೆ ಬೇಕು. ಹಸಿರು ವಲಯ ಅಲ್ವಾ, ಹಾಗಾದರೆ ಎಷ್ಟು ದೂರವಾದರೂ ಹೋಗಬಹುದು ಎಂದುಕೊಂಡವರು ಬಹಳ ಜನ. ಬಣ್ಣ ಬೇರೆ, ದೂರ ಬೇರೆ. ನಿಯಮ ಮುರಿದರೆ 1 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಅದಕ್ಕಿಂತ ದೊಡ್ಡದು, ಒಂದು ಸಲ ಹೆಸರು ಕೆಟ್ಟರೆ ಇಡೀ ಯೋಜನೆ ನಿಂತುಹೋಗುತ್ತದೆ.

4. ಊರಿನವರ ಜೊತೆ ಮಾತಾಡಿ, ಡ್ರೋನ್ ಬರುವ ಮೊದಲೇ

ಇದನ್ನು ಮಾಮೂಲು ಕೈಪಿಡಿಗಳಲ್ಲಿ ಕೊನೆಗೆ ಎರಡು ಸಾಲು ಬರೆದು ಮುಗಿಸುತ್ತಾರೆ. ಕಾಸರಗೋಡಿನಲ್ಲಿ ಹಾಗೆ ಮಾಡುವಂತಿಲ್ಲ.

ಎಣ್ಮಕಜೆಯ ಸ್ವರ್ಗ, ಪಡ್ರೆಯಂಥ ಊರುಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗೇರು ತೋಟಕ್ಕೆ ಅಂತ ಸುರಿದ ವಿಷ ಬಾವಿಗೆ, ನೀರಿನ ಸುರಂಗಕ್ಕೆ, ತೋಡಿಗೆ ಬಿತ್ತು. 2000ನೇ ಇಸವಿಯಲ್ಲಿ ಅದು ನಿಂತಿತು. ಅದರ ನೋವು ಇವತ್ತಿಗೂ ಮನೆಗಳಲ್ಲಿ ಹಾಸಿಗೆ ಹಿಡಿದು ಮಲಗಿದೆ. ಆ ಊರಿನವರಿಗೆ ತಲೆಯ ಮೇಲೆ ಹಾರುವ ಯಂತ್ರದ ಸದ್ದು ಕೇಳಿದರೆ ಏನನಿಸಬಹುದು ಎಂದು ಯೋಚಿಸಿ. ಮೊದಲ ದಿನವೇ ಹೇಳದೆ ಕೇಳದೆ ಡ್ರೋನ್ ಹಾರಿಸಿದರೆ ಅವರು ವಿರೋಧಿಸುವುದು ನ್ಯಾಯವೇ.

ಹೀಗೆ ಮಾಡಿ. ಪ್ರತಿ ವಾರ್ಡಿನಲ್ಲಿ ಗ್ರಾಮಸಭೆ ಅಥವಾ ಮಹಿಳೆಯರ ಕುಟುಂಬಶ್ರೀ ಸಂಘದ ಸಭೆ ಕರೆಯಿರಿ. ಡ್ರೋನನ್ನು ಮೇಜಿನ ಮೇಲಿಟ್ಟು ತೋರಿಸಿ. ಪೆಟ್ಟಿಗೆಯನ್ನು ತೆರೆದು ತೋರಿಸಿ, ಅಜ್ಜ-ಅಜ್ಜಿಯಂದಿರು ಮುಟ್ಟಿ ನೋಡಲಿ. ಇದರಲ್ಲಿ ಸಿಂಪಡಿಸುವ ಟ್ಯಾಂಕ್ ಇಲ್ಲ, ಯಾವತ್ತೂ ಇರುವುದಿಲ್ಲ ಎಂದು ಪಂಚಾಯತಿನ ನಿರ್ಣಯದಲ್ಲೇ ಬರೆಸಿ ಓದಿ ಹೇಳಿ. ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಹಾರುತ್ತದೆ ಎಂಬುದನ್ನು ಅಂಗನವಾಡಿ, ರೇಷನ್ ಅಂಗಡಿ, ಹಾಲಿನ ಸೊಸೈಟಿಯಲ್ಲಿ ಅಂಟಿಸಿ. ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಮಾತಾಡುವಾಗ ತುಳು, ಬ್ಯಾರಿ, ಕೊಂಕಣಿ, ಮರಾಟಿ ಯಾವುದು ಬೇಕೋ ಅದು. ಆಶಾ ಕಾರ್ಯಕರ್ತೆಯರಿಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ, ಅವರು ಮನೆ ಮನೆ ಬಲ್ಲವರು. ಅವರನ್ನು ಮೊದಲ ಸಭೆಯಿಂದಲೇ ಜೊತೆಗಿಟ್ಟುಕೊಳ್ಳಿ.

ಇದರ ಜೊತೆ ಇನ್ನೊಂದನ್ನೂ ಹೇಳಲೇಬೇಕು. 2020ರಲ್ಲಿ ಹಲವು ಕಡೆ ಡ್ರೋನಿನಿಂದ ಬೀದಿಗೆ ಸೋಂಕುನಾಶಕ ಸಿಂಪಡಿಸಿದರು. ಆ ವರ್ಷದ ಮೇ ತಿಂಗಳಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದು ಬೇಡ ಎಂದು ಹೇಳಿತು. ರಸ್ತೆಯ ಕೊಳೆ, ಮಣ್ಣು ಸೇರಿದಾಗ ಆ ರಾಸಾಯನಿಕ ಕೆಲಸ ಮಾಡುವುದಿಲ್ಲ. ಮನುಷ್ಯರ ಮೈಮೇಲೆ ಬಿದ್ದರೆ ಕಣ್ಣಿಗೆ, ಚರ್ಮಕ್ಕೆ, ಉಸಿರಾಟಕ್ಕೆ ಹಾನಿ. ಯಾರಾದರೂ ಸಿಂಪಡಿಸುವ ಡ್ರೋನ್ ದಾನ ಕೊಡುತ್ತೇವೆ ಅಂದರೆ ಬೇಡ ಅನ್ನಿ. ನಮ್ಮ ಜಿಲ್ಲೆಯಲ್ಲಂತೂ ಖಂಡಿತ ಬೇಡ.

5. ಜಾಗ ಗುರುತಿಸಿ

ಮೂಲ ಕೇಂದ್ರಕ್ಕೆ ಸಹಜವಾಗಿ ಹೊಳೆಯುವುದು ಕಾಸರಗೋಡು ಜನರಲ್ ಆಸ್ಪತ್ರೆ. ಆದರೆ ಪೇಟೆ ನಡುವೆ ಜನ, ವಯರು, ಕಟ್ಟಡ ಜಾಸ್ತಿ. 2020ರ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಸುತ್ತ ತೆರೆದ ಜಾಗ ಇದೆ. ಉತ್ತರದವರಿಗೆ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ ಹತ್ತಿರ. ಸ್ಯಾಂಪಲ್ ಪರೀಕ್ಷೆಯ ಮಟ್ಟಿಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಲ್ಯಾಬು ಕೋವಿಡ್ ಕಾಲದಲ್ಲಿ ಕೆಲಸ ಮಾಡಿದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಳಿಯುವ ತಾಣಕ್ಕೆ ನಮ್ಮ ಪದವುಗಳು ಬಹಳ ಒಳ್ಳೆಯವು. ಮುರಕಲ್ಲಿನ ಬಯಲು, ಮರ ಕಡಿಮೆ, ಮಳೆನೀರು ಬೇಗ ಇಳಿದುಹೋಗುತ್ತದೆ. ಶಾಲೆಯ ಮೈದಾನವೂ ಆಗುತ್ತದೆ, ಆದರೆ ಮಕ್ಕಳು ಓಡಿಬರುವ ಜಾಗ, ಬೇಲಿ ಬೇಕು. ಅಡಿಕೆ ತೋಟದ ನಡುವಿನ ಅಂಗಳ ಮಾತ್ರ ಬೇಡ. ಮೇಲಿನಿಂದ ನೋಡಿದರೆ ಖಾಲಿ ಕಾಣುತ್ತದೆ, ಗಾಳಿಗೆ ಮರದ ತಲೆಗಳು ಎರಡು ಕಡೆಯಿಂದಲೂ ಬಾಗುತ್ತವೆ.

ಜಾಗಕ್ಕೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಕಡಲಗಾಳಿ ಬೀಸುವಾಗ ಒಮ್ಮೆ ಹೋಗಿ ನೋಡಿ. ಕರೆಂಟಿನ ತಂತಿ ಎಲ್ಲೆಲ್ಲಿದೆ ಎಂದು ನಡೆದು ನೋಡಿಯೇ ಗುರುತು ಹಾಕಿ, ನಕ್ಷೆಯಲ್ಲಿ ಎಲ್ಲ ತಂತಿಗಳೂ ಇರುವುದಿಲ್ಲ. ಹದ್ದು, ಗರುಡ ಗೂಡು ಕಟ್ಟುವ ಮರ ಹತ್ತಿರ ಇದ್ದರೆ ಬೇರೆ ಜಾಗ ನೋಡಿ. ಮರಿ ಇರುವ ಹೊತ್ತಿನಲ್ಲಿ ಅವು ಡ್ರೋನಿನ ಮೇಲೆ ಎರಗುತ್ತವೆ. ನೆಲದ ಮೇಲೆ ಸುಣ್ಣದಲ್ಲಿ ದೊಡ್ಡ ವೃತ್ತ ಎಳೆದು, ಒಂದು ಕಂಬಕ್ಕೆ ಬಟ್ಟೆಯ ಪಟ್ಟಿ ಕಟ್ಟಿ. ಗಾಳಿ ಯಾವ ಕಡೆಯಿಂದ ಎಂದು ಪೈಲಟಿಗೆ ಕ್ಯಾಮರಾದಲ್ಲೇ ಕಾಣುತ್ತದೆ.

ಪೊಸಡಿ ಗುಂಪೆಯಂಥ ಗುಡ್ಡದ ಬದಿಯ ದಾರಿಗಳಲ್ಲಿ ಮೊಬೈಲ್ ಸಿಗ್ನಲ್ ಇದ್ದಕ್ಕಿದ್ದಂತೆ ಹೋಗುತ್ತದೆ. ದಾರಿಯುದ್ದಕ್ಕೂ ಸಿಗ್ನಲ್ ಅಳೆದು, ಬರೀ ಮೊಬೈಲ್ ನೆಟ್‌ವರ್ಕನ್ನೇ ನಂಬದೆ ಇನ್ನೊಂದು ಸಂಪರ್ಕವನ್ನೂ ಇಟ್ಟುಕೊಳ್ಳಬೇಕು.

6. ಡ್ರೋನ್ ಮತ್ತು ಪೈಲಟ್

ಸರಕುಸಹಿತ ಒಟ್ಟು ತೂಕದ ಮೇಲೆ ಡ್ರೋನಿನ ವರ್ಗ ನಿರ್ಧಾರವಾಗುತ್ತದೆ. 250 ಗ್ರಾಂವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 2ರಿಂದ 25 ಕಿಲೋವರೆಗೆ ಸ್ಮಾಲ್. ಔಷಧಿ ಸಾಗಿಸುವ ಡ್ರೋನ್‌ಗಳು ಹೆಚ್ಚಾಗಿ ಸ್ಮಾಲ್ ವರ್ಗದವು. ಅದಕ್ಕೆ ನೋಂದಣಿ ಸಂಖ್ಯೆ ಬೇಕು, ಆ ಮಾದರಿಯ ಡ್ರೋನಿಗೆ ಒಪ್ಪಿಗೆ ಇದೆ ಎಂಬ ಪ್ರಮಾಣಪತ್ರ (ಟೈಪ್ ಸರ್ಟಿಫಿಕೇಟ್) ಇರಬೇಕು, ಮೂರನೆಯವರಿಗೆ ಆಗುವ ನಷ್ಟಕ್ಕೆ ವಿಮೆ ಮಾಡಿಸಬೇಕು. ಪೈಲಟಿಗೆ 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಡಿಜಿಸಿಎ ಒಪ್ಪಿದ ಶಾಲೆಯಲ್ಲಿ ತರಬೇತಿ ಪಡೆದಿರಬೇಕು. ಊರಿನ ಇಬ್ಬರು ಮೂವರು ಯುವಕ ಯುವತಿಯರನ್ನೇ ಕಳಿಸಿ ಕಲಿಸಿ. ಗಡಿ ಮುಚ್ಚಿದ ದಿನ ದೂರದ ಪೇಟೆಯ ಪೈಲಟ್ ಬರಲಾರ.

ಗಲ್ಫಿನಿಂದ ಬರುವ ನೆಂಟರು ತಂದುಕೊಡುತ್ತೇವೆ ಅನ್ನುವ ಡ್ರೋನ್ ಒಪ್ಪಿಕೊಳ್ಳಬೇಡಿ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್‌ಗಳ ಆಮದಿಗೆ ನಿಷೇಧ ಇದೆ. ಮದುವೆ ವಿಡಿಯೋದವರ ಡ್ರೋನಿಗೆ ಚೀಲ ಕಟ್ಟಿ ಕಳಿಸುವ ಯೋಚನೆಯೂ ಬೇಡ.

ನಾಲ್ಕಾರು ರೆಕ್ಕೆಪಂಖ (ಪ್ರೊಪೆಲರ್) ಇರುವ ಮಾಮೂಲು ಡ್ರೋನ್ ಭಾರ ಹೊತ್ತು ದೂರ ಹೋಗದು. ಹತ್ತಿಪ್ಪತ್ತು ಕಿಲೋಮೀಟರ್ ದಾಟಬೇಕಾದರೆ ನೇರ ಮೇಲೆದ್ದು ಆಮೇಲೆ ವಿಮಾನದಂತೆ ರೆಕ್ಕೆಯ ಮೇಲೆ ಹಾರುವ ಮಿಶ್ರ ಬಗೆಯದು ಬೇಕಾಗುತ್ತದೆ. ಮಾರುವವರು ಹೇಳುವ ದೂರ ಗಾಳಿಯಿಲ್ಲದ ದಿನದ, ಹೊಸ ಬ್ಯಾಟರಿಯ ಲೆಕ್ಕ. ಕಾಲು ಭಾಗಕ್ಕಿಂತ ಜಾಸ್ತಿ ಚಾರ್ಜು ಉಳಿದಿರುವಾಗಲೇ ಇಳಿಯುವಂತೆ ದಾರಿ ಲೆಕ್ಕ ಹಾಕಿ. ಲಿಥಿಯಂ ಬ್ಯಾಟರಿಯನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು ಅಪಾಯ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

7. ಪ್ಯಾಕಿಂಗ್

ಹಾರಾಟ ಚೆನ್ನಾಗಿ ಆಗಿ, ಪೆಟ್ಟಿಗೆ ತೆರೆದಾಗ ಲಸಿಕೆ ಹಾಳಾಗಿದ್ದರೆ ಏನು ಪ್ರಯೋಜನ? ಈ ಕೆಲಸವನ್ನು ನಿಧಾನವಾಗಿ ಕಲಿಯಬೇಕು.

ಹೆಚ್ಚಿನ ಲಸಿಕೆಗಳಿಗೆ ಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಬಿಸಿ ತಾಗಬಾರದು ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಲೂಬಾರದು ಎಂಬುದನ್ನೇ ಮರೆಯುತ್ತಾರೆ. ಮಕ್ಕಳಿಗೆ ಕೊಡುವ ಪೆಂಟಾವಲೆಂಟ್ (ಐದು ಕಾಯಿಲೆಗೆ ಒಂದೇ ಲಸಿಕೆ), ಹೆಪಟೈಟಿಸ್ ಬಿ ಲಸಿಕೆಗಳು ಒಮ್ಮೆ ಗಟ್ಟಿಯಾದರೆ ಮುಗಿಯಿತು. ಆದ್ದರಿಂದ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ಪೆಟ್ಟಿಗೆಗೆ ಇಡಬಾರದು. ಮೇಜಿನ ಮೇಲಿಟ್ಟು ಕಾಯಿರಿ. ಮೇಲೆ ಬೆವರು ಹನಿ ಮೂಡುತ್ತದೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ಮಂಜು ಸಡಿಲಾಗಿ ನೀರು ಕುಲುಕುವ ಸದ್ದು ಕೇಳಿದರೆ ಈಗ ಇಡಬಹುದು. ನಮ್ಮ ಆರೋಗ್ಯ ಕೇಂದ್ರಗಳ ನರ್ಸುಗಳಿಗೆ ಇದು ದಿನನಿತ್ಯದ ಕೆಲಸ. ಡ್ರೋನ್ ತಂಡದವರು ಅವರಿಂದಲೇ ಕಲಿಯಬೇಕು.

ಸ್ಯಾಂಪಲ್‌ಗೆ ಮೂರು ಪದರದ ಪ್ಯಾಕಿಂಗ್ ಕಡ್ಡಾಯ. ಮುಚ್ಚಳ ಬಿಗಿದ ಟ್ಯೂಬು ಒಂದನೆಯದು. ಅದನ್ನು ಹತ್ತಿ ಅಥವಾ ಹೀರುವ ಕಾಗದದಲ್ಲಿ ಸುತ್ತಬೇಕು. ಟ್ಯೂಬು ಒಡೆದರೆ ಒಳಗಿನದ್ದಷ್ಟನ್ನೂ ಅದು ಹೀರಿಕೊಳ್ಳುವಂತಿರಬೇಕು. ಎರಡನೆಯದು ಸೋರದ ಡಬ್ಬ. ಮೂರನೆಯದು ಗಟ್ಟಿ ಹೊರಪೆಟ್ಟಿಗೆ. ರೋಗಿಯ ವಿವರದ ಚೀಟಿ ಎರಡನೆಯ ಮತ್ತು ಮೂರನೆಯ ಪದರದ ನಡುವೆ ಇರಲಿ, ಟ್ಯೂಬಿನ ಜೊತೆ ಬೇಡ. ಹೊರಗೆ ಯುಎನ್ 3373 ಎಂಬ ಗುರುತು ಹಾಕಬೇಕು. ಜೈವಿಕ ವಸ್ತು ಇದೆ ಎಂಬುದಕ್ಕೆ ಜಗತ್ತಿನಾದ್ಯಂತ ನಡೆಯುವ ಗುರುತು ಅದು. ರೋಗಿಯ ಹೆಸರು ಹೊರಗೆ ಎಲ್ಲೂ ಕಾಣಬಾರದು, ಬರೀ ನಂಬರು. ಡ್ರೋನ್ ಯಾವುದೋ ತೋಟದಲ್ಲಿ ಬಿದ್ದರೆ ಯಾರಿಗೆ ಯಾವ ಕಾಯಿಲೆ ಎಂಬುದು ಊರಿಗೆಲ್ಲ ಗೊತ್ತಾಗುವುದು ಬೇಡ. 2020ರಲ್ಲಿ ಸೋಂಕಿತರ ಮನೆಯವರು ಅನುಭವಿಸಿದ್ದು ನೆನಪಿದೆಯಲ್ಲ.

ಪೆಟ್ಟಿಗೆಯ ಮೇಲೆ ಕನ್ನಡ, ಮಲಯಾಳದಲ್ಲಿ ಹೀಗೆ ಬರೆಯಿರಿ: ಇದು ಆಸ್ಪತ್ರೆಯ ಪೆಟ್ಟಿಗೆ. ಮುಟ್ಟಬೇಡಿ, ತೆರೆಯಬೇಡಿ. ಈ ನಂಬರಿಗೆ ಫೋನ್ ಮಾಡಿ.

ರಕ್ತದ ವಿಷಯದಲ್ಲಿ ಡ್ರೋನಿನಿಂದ ಎರಡು ಸಲ ಉಪಕಾರ. ಮೊದಲು ರೋಗಿಯ ಸ್ಯಾಂಪಲ್ ರಕ್ತ ಕೇಂದ್ರಕ್ಕೆ ಹೋಗಿ ಹೊಂದಾಣಿಕೆ ನೋಡಬೇಕು, ಆಮೇಲೆ ರಕ್ತ ವಾಪಸ್ ಬರಬೇಕು. ರಸ್ತೆಯಲ್ಲಾದರೆ ಒಬ್ಬರು ಎರಡೂ ಕಡೆ ಓಡಬೇಕು. ಕೆಂಪು ರಕ್ತಕಣದ ಚೀಲ ಸಾಗಿಸುವಾಗ 2ರಿಂದ 10 ಡಿಗ್ರಿಯೊಳಗೆ ಇರಬೇಕು. ಪ್ಲೇಟ್‌ಲೆಟ್‌ಗೆ ತಂಪು ಬೇಡ, 20ರಿಂದ 24 ಡಿಗ್ರಿ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ.

8. ಹಾರಾಟದ ದಿನ

ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಎಷ್ಟೋ ದಿನ ಹಾರಲಾಗದು. ಅದನ್ನು ಮೊದಲೇ ಒಪ್ಪಿಕೊಂಡು, ಮಳೆಗಾಲದ ದಾಸ್ತಾನನ್ನು ಮೇ ತಿಂಗಳಲ್ಲೇ ತುಂಬಿಸಿ. ಹಾರಬೇಕೋ ಬೇಡವೋ ಎಂಬ ಕೊನೆಯ ಮಾತು ಪೈಲಟಿನದು. ಡಾಕ್ಟರಾಗಲಿ, ಪಂಚಾಯತು ಅಧ್ಯಕ್ಷರಾಗಲಿ ಒತ್ತಾಯ ಮಾಡುವಂತಿಲ್ಲ. ಇದನ್ನೂ ಬರೆದಿಡಿ. ಹಾರಲಾಗದ ದಿನಕ್ಕೆ ಬೈಕಿನವರ ಪಟ್ಟಿ ಸಿದ್ಧವಿರಲಿ.

ಕಳಿಸುವವರು ಹೊರಟ ಹೊತ್ತು, ಪೆಟ್ಟಿಗೆಯ ಒಳಗಿನ ಉಷ್ಣತೆ ಬರೆದು ಫೋನ್ ಮಾಡಬೇಕು. ಪಡೆಯುವವರು ತಲುಪಿದ ಹೊತ್ತು, ಉಷ್ಣತೆ ಬರೆದು ಸಹಿ ಹಾಕಬೇಕು. ರೆಕ್ಕೆಪಂಖ ಪೂರ್ತಿ ನಿಲ್ಲುವ ತನಕ ಯಾರೂ ಹತ್ತಿರ ಹೋಗಬಾರದು. ಅಪಘಾತವಾದರೆ 48 ಗಂಟೆಯೊಳಗೆ ಡಿಜಿಸಿಎಗೆ ವರದಿ ಕೊಡಬೇಕು.

9. ಪೊಲೀಸರ ಕೆಲಸಕ್ಕೆ ಬಳಸುವಾಗ

ಲಾಕ್‌ಡೌನಿನಲ್ಲಿ ಕೇರಳ ಪೊಲೀಸರ ಡ್ರೋನ್ ಕಂಡು ಜನ ಓಡುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಸಾಂಕ್ರಾಮಿಕದಲ್ಲಿ ಡ್ರೋನಿಗೆ ಸಾರ್ವಜನಿಕ ಸುರಕ್ಷತೆಯ ಒಳ್ಳೆಯ ಕೆಲಸಗಳಿವೆ. ಧ್ವನಿವರ್ಧಕದಲ್ಲಿ ಸೂಚನೆ ಹೇಳಬಹುದು, ಸಂತೆಯಲ್ಲಿ ಜನ ಎಷ್ಟಿದ್ದಾರೆ ನೋಡಬಹುದು, ಪಯಸ್ವಿನಿ ಹೊಳೆ ಉಕ್ಕಿದಾಗ ಸಿಕ್ಕಿಹಾಕಿಕೊಂಡವರನ್ನು ಹುಡುಕಬಹುದು. ಆದರೆ ಔಷಧಿ ತರುವ ಡ್ರೋನೇ ಜನರ ಮೇಲೆ ಕಣ್ಣಿಡುವ ಡ್ರೋನೂ ಆದರೆ ನಂಬಿಕೆ ಹೋಗುತ್ತದೆ. ಎರಡನ್ನೂ ಬೇರೆ ಇಡಿ. ಬಣ್ಣ ಬೇರೆ, ತಂಡ ಬೇರೆ, ಹಾರಾಟದ ದಾಖಲೆ ಬೇರೆ. ಔಷಧಿ ಡ್ರೋನಿನ ಕ್ಯಾಮರಾ ಇಳಿಯುವಾಗ ನೆಲ ನೋಡಲಿಕ್ಕೆ ಮಾತ್ರ, ಚಿತ್ರ ಉಳಿಸಿಕೊಳ್ಳುವಂತಿಲ್ಲ ಎಂದು ನಿರ್ಣಯ ಮಾಡಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆ ಅರ್ಜಿ ಹಾಕಿದವರು ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಂಗಳದಲ್ಲಿ ಸ್ನಾನದ ಮನೆ ಇರುವ ಊರುಗಳು ನಮ್ಮವು, ಮರೆಯಬೇಡಿ.

ಗುಂಪಿನಲ್ಲಿ ಜ್ವರ ಇರುವವರನ್ನು ಮೇಲಿನಿಂದಲೇ ಪತ್ತೆ ಹಚ್ಚುತ್ತೇವೆ ಎಂದು ಉಷ್ಣ ಕ್ಯಾಮರಾ ಮಾರಲು ಬರುವವರಿದ್ದಾರೆ. ಬಿಸಿಲು, ಗಾಳಿ, ಬೆವರು, ದೂರ ಇವೆಲ್ಲ ಸೇರಿದಾಗ ಆ ಅಳತೆ ನಂಬುವಂಥದ್ದಲ್ಲ. ಜ್ವರ ನೋಡಬೇಕಾದ್ದು ಥರ್ಮಾಮೀಟರಿನಲ್ಲಿ, ಹತ್ತಿರದಿಂದ.

10. ಕಾಯಿಲೆ ಇಲ್ಲದಾಗಲೂ ನಡೆಸಿ

ಕಪಾಟಿನಲ್ಲಿಟ್ಟ ಡ್ರೋನ್ ಎರಡು ವರ್ಷದಲ್ಲಿ ಕೆಡುತ್ತದೆ. ಬ್ಯಾಟರಿ ಸಾಯುತ್ತದೆ, ಪೈಲಟ್ ಬೇರೆ ಕೆಲಸಕ್ಕೆ ಹೋಗುತ್ತಾನೆ, ನರ್ಸ್ ವರ್ಗವಾಗುತ್ತಾರೆ. ಹಾಗಾಗಿ ವಾರಕ್ಕೆ ಒಮ್ಮೆಯಾದರೂ ನಿಜವಾದ ಸಾಮಾನು ಹಾರಲಿ. ಬುಧವಾರದ ಚುಚ್ಚುಮದ್ದಿಗೆ ಲಸಿಕೆ, ಕಫದ ಸ್ಯಾಂಪಲ್, ಇಲಿಜ್ವರದ ರಕ್ತಪರೀಕ್ಷೆ, ತೋಟದಲ್ಲಿ ಹಾವು ಕಚ್ಚಿದವರಿಗೆ ಮದ್ದು. ಹಾವಿನ ಮದ್ದು ಮೊದಲ ಸುತ್ತಿಗೇ ಎಂಟು ಹತ್ತು ವಯಲ್ ಬೇಕಾಗುತ್ತದೆ, ಸಣ್ಣ ಕೇಂದ್ರಗಳಲ್ಲಿ ಅಷ್ಟು ದಾಸ್ತಾನು ಇಡುವುದು ಕಷ್ಟ. ರೋಗಿಯನ್ನು ಆಂಬುಲೆನ್ಸಿಗೆ ಹತ್ತಿಸುವ ಮೊದಲೇ ಮದ್ದು ಬಂದರೆ ಡಾಕ್ಟರು ಅಲ್ಲೇ ಶುರುಮಾಡಬಹುದು.

ಮೂರು ತಿಂಗಳಿಗೊಮ್ಮೆ ತಲಪಾಡಿ ರಸ್ತೆ ಮುಚ್ಚಿದೆ ಎಂದುಕೊಂಡು ಒಂದು ದಿನದ ಅಭ್ಯಾಸ ಮಾಡಿ. ಅವತ್ತು ಯಾರೂ ಮಂಗಳೂರಿಗೆ ಫೋನ್ ಮಾಡಿ ಸುಲಭದ ದಾರಿ ಹಿಡಿಯಬಾರದು. ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನು ಅದೇ ಸಂಜೆ ಕೂತು ಬರೆಯಿರಿ. ವಾರದೊಳಗೆ ಒಂದು ಪ್ರತಿ ಡಿ.ಎಂ.ಒ. ಕಚೇರಿಗೆ, ಒಂದು ಪಂಚಾಯತಿಗೆ, ಒಂದು ಗಡಿಯಾಚೆಯ ಡಿ.ಎಚ್.ಒ. ಕಚೇರಿಗೆ ತಲುಪಿಸಿ. ಮೂರೂ ಕಡೆಯಿಂದ ಮೊಹರು ಹಾಕಿದ ಸ್ವೀಕೃತಿ ಪಡೆದು ಫೈಲಿನಲ್ಲಿ ಇಟ್ಟುಕೊಳ್ಳಿ.